ಏಟು ಬಿದ್ದ ಮೇಲೆ ಕ್ಯಾಮೆರಾ ಎಲ್ಲಿಗೆ ಹೋಗುತ್ತದೆ?

"ಸಿನಿಮಾ ನೋಡಿಕೊಂಡು ಬಂದು ಯಾರೂ ಹೆಂಡತಿಗೆ ಹೊಡೆಯುವುದಿಲ್ಲ." ಮಾಧ್ಯಮ ಮತ್ತು ಮಹಿಳೆ ಎಂಬ ವಿಷಯದ ಮೇಲೆ ಎಲ್ಲಿ ವಿಚಾರಸಂಕಿರಣ ನಡೆದರೂ ವೇದಿಕೆಯ ಮೇಲಿರುವ ನಿರ್ದೇಶಕರೋ ನಿರ್ಮಾಪಕರೋ ಈ ಮಾತನ್ನು ಹೇಳಿಯೇ ಹೇಳುತ್ತಾರೆ. ಸಭೆ ತಲೆದೂಗುತ್ತದೆ, ಚರ್ಚೆ ಅಲ್ಲಿಗೆ ಮುಗಿಯುತ್ತದೆ. ಅನೇಕ ವರ್ಷಗಳಿಂದ ಕಾಲೇಜುಗಳಲ್ಲಿ, ಮಹಿಳಾ ಸಂಘಗಳಲ್ಲಿ ಚಲನಚಿತ್ರ ರಸಗ್ರಹಣದ ಪಾಠ ಮಾಡುತ್ತಾ ಬಂದಿರುವ ನಾನೂ ಈ ಮಾತನ್ನು ಒಪ್ಪುತ್ತೇನೆ. ಟಾಕೀಸಿನಿಂದ ಎದ್ದು ಬಂದವನು ನೆಟ್ಟಗೆ ಮನೆಗೆ ಹೋಗಿ ಕೈ ಎತ್ತುತ್ತಾನೆ ಎಂದು ಯಾರೂ ವಾದಿಸುತ್ತಿಲ್ಲ. ನಮ್ಮ ಪ್ರಶ್ನೆ ಬೇರೆ. ಹೆಂಡತಿಗೆ ಹೊಡೆದದ್ದನ್ನು ಕಣ್ಣಾರೆ ಕಂಡ ಮನೆಮಂದಿ, ನೆರೆಹೊರೆ, ಪೊಲೀಸ್ ಠಾಣೆಯ ಪೇದೆ, ಕೊನೆಗೆ ಏಟು ತಿಂದ ಹೆಂಗಸು ಕೂಡ ಅದನ್ನು "ಆಗಬೇಕಾದ್ದೇ ಆಯಿತು" ಎಂದು ಏಕೆ ಭಾವಿಸುತ್ತಾರೆ? ಈ ಭಾವನೆಯನ್ನು ದಿನವೂ ನೀರೆರೆದು ಬೆಳೆಸುತ್ತಿರುವವರು ಯಾರು?

ಏಳು ಕಾರಣಗಳು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತು 2019-21ರಲ್ಲಿ ನಡೆಯಿತು. ಅದರ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವಯಸ್ಸಿನ, ಮದುವೆಯಾಗಿರುವ ಅಥವಾ ಆಗಿದ್ದ ಹೆಂಗಸರ ಪೈಕಿ ಶೇ. 44.4 ಮಂದಿ ಒಂದಲ್ಲ ಒಂದು ಸಲ ಗಂಡನಿಂದ ಹಿಂಸೆ ಅನುಭವಿಸಿದ್ದಾರೆ. ಹಿಂದಿನ ಸುತ್ತಿನಲ್ಲಿ ಈ ಪ್ರಮಾಣ ಶೇ. 20.6 ಇತ್ತು. ಈ ಸಲ ಹೆಚ್ಚು ಮಂದಿ ಬಾಯಿಬಿಟ್ಟು ಹೇಳಿರಲೂಬಹುದು. ಆದರೂ ದೇಶದಲ್ಲೇ ಅತಿ ಹೆಚ್ಚಿನ ಪ್ರಮಾಣ ನಮ್ಮದು ಎಂಬುದು ತಲೆತಗ್ಗಿಸುವ ಮಾತು.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಪ್ರಶ್ನೆಯಿದೆ. ಗಂಡನಾದವನು ಹೆಂಡತಿಗೆ ಹೊಡೆಯುವುದು ಯಾವ ಸಂದರ್ಭದಲ್ಲಿ ಸರಿ ಎಂದು ಕೇಳಿ ಏಳು ಕಾರಣಗಳನ್ನು ಮುಂದಿಡುತ್ತಾರೆ. ಹೇಳದೆ ಕೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ನಿರ್ಲಕ್ಷಿಸಿದರೆ, ಎದುರುತ್ತರ ಕೊಟ್ಟರೆ, ಹಾಸಿಗೆಗೆ ಬರಲು ಒಪ್ಪದಿದ್ದರೆ, ಅಡುಗೆ ಸರಿಯಾಗಿ ಮಾಡದಿದ್ದರೆ, ಶೀಲದ ಮೇಲೆ ಶಂಕೆ ಬಂದರೆ, ಅತ್ತೆ ಮಾವಂದಿರಿಗೆ ಅಗೌರವ ತೋರಿದರೆ. ಈ ಏಳರಲ್ಲಿ ಒಂದಕ್ಕಾದರೂ ಹೊಡೆಯುವುದು ಸರಿ ಎಂದವರು ಕರ್ನಾಟಕದ ಗಂಡಸರಲ್ಲಿ ಶೇ. 81.9, ಹೆಂಗಸರಲ್ಲಿ ಶೇ. 76.9.

ಸಮಾಜವಿಜ್ಞಾನಿಗಳಿಗೆ ಇದು ಒಂದು ಕೋಷ್ಟಕ. ಸಿನಿಮಾ ಪಾಠ ಮಾಡುವವಳಿಗೆ ಇದು ಕಥಾಸಂಗ್ರಹದ ಹಾಗೆ ಕಾಣುತ್ತದೆ. ಈ ಏಳರಲ್ಲಿ ಒಂದೊಂದೂ ನಮ್ಮ ಚಿತ್ರಗಳ, ಧಾರಾವಾಹಿಗಳ ಒಂದೊಂದು ಸನ್ನಿವೇಶ. ಅತ್ತೆಗೆ ಎದುರು ಮಾತಾಡಿದ ಸೊಸೆ, ಕ್ಲಬ್ಬಿಗೆ ಹೋಗುವ ಶ್ರೀಮಂತೆ, ಮಗುವಿಗೆ ಜ್ವರ ಬಂದಾಗ ಆಫೀಸಿನಲ್ಲಿದ್ದ ತಾಯಿ, ಬೇರೆಯವನ ಜೊತೆ ನಗುತ್ತಾ ಮಾತಾಡಿದ ಹೆಂಡತಿ. ಇವರಿಗೆಲ್ಲ ಪರದೆಯ ಮೇಲೆ ಏನಾಗುತ್ತದೆ ಎಂದು ನಾನು ಬರೆಯಬೇಕಿಲ್ಲ. ನಿಮಗೆಲ್ಲರಿಗೂ ಗೊತ್ತಿದೆ. ಆ ಗೊತ್ತಿರುವಿಕೆಯೇ ನನ್ನ ಸಾಕ್ಷ್ಯ.

ಬಜಾರಿಯನ್ನು ಪಳಗಿಸುವ ಕಥೆ

ಕೆನ್ನೆಗೆ ಬೀಳುವ ಏಟಿಗೆ ನಾವು ತಮಾಷೆಗೆ "ಕಪಾಳಮೋಕ್ಷ" ಎನ್ನುತ್ತೇವೆ. ಈ ಶಬ್ದವನ್ನು ಬಳಸುವಾಗ ಯಾರಿಗೂ ಮುಜುಗರವಾಗುವುದಿಲ್ಲ. ಏಟು ತಿಂದವರಿಗೆ ಅದರಿಂದ ಒಳ್ಳೆಯದೇ ಆಯಿತು, ಅಂಟಿದ್ದೇನೋ ಬಿಟ್ಟುಹೋಯಿತು ಎಂಬ ಧ್ವನಿ ಅದರಲ್ಲಿದೆ. ನಮ್ಮ ಜನಪ್ರಿಯ ಸಿನಿಮಾದ ತತ್ವವೂ ಇದೇ. ಅಲ್ಲಿ ಏಟು ಗಾಯವಾಗಿ ಕಾಣಿಸಿಕೊಳ್ಳುವುದಿಲ್ಲ, ಔಷಧವಾಗಿ ಕಾಣಿಸಿಕೊಳ್ಳುತ್ತದೆ.

ಹದಿನಾರನೆಯ ಶತಮಾನದ ಕೊನೆಯಲ್ಲಿ ಷೇಕ್ಸ್‌ಪಿಯರ್ ಬರೆದ, ಗಯ್ಯಾಳಿ ಹೆಣ್ಣನ್ನು ಪಳಗಿಸುವ ನಾಟಕವೊಂದಿದೆ. ಅದನ್ನು ಪರ್ವತವಾಣಿಯವರು 'ಬಹದ್ದೂರ್ ಗಂಡ' ಎಂದು ಕನ್ನಡ ರಂಗಭೂಮಿಗೆ ತಂದರು. 1976ರಲ್ಲಿ ರಾಜ್‌ಕುಮಾರ್ ಮತ್ತು ಜಯಂತಿ ನಟಿಸಿದ 'ಬಹದ್ದೂರ್ ಗಂಡು' ಚಿತ್ರದ ಬೇರೂ ಇದೇ. 1989ರಲ್ಲಿ ಅದೇ ಕಥೆ 'ನಂಜುಂಡಿ ಕಲ್ಯಾಣ'ವಾಗಿ ಬಂತು, ಮಾಲಾಶ್ರೀ ಎಂಬ ಹೊಸ ತಾರೆಯನ್ನು ಕೊಟ್ಟಿತು. ನಡುವೆ 1986ರಲ್ಲಿ 'ಅನುರಾಗ ಅರಳಿತು' ಬಂತು. ಅಲ್ಲಿ ಹೆಣ್ಣು ಕಾರ್ಖಾನೆಯ ಒಡತಿ, ಗಂಡು ಕಾರ್ಮಿಕ. ವರ್ಗದ ಲೆಕ್ಕದಲ್ಲಿ ಅವಳ ಸೊಕ್ಕು ಮುರಿಯಬೇಕಾದದ್ದೇ ಎಂದು ಪ್ರಗತಿಪರರೂ ಚಪ್ಪಾಳೆ ತಟ್ಟಬಹುದಾದ ಜಾಣ ಏರ್ಪಾಡು ಅದು. ಆದರೆ ಸೊಕ್ಕು ಮುರಿಯುವ ಜಾಗ ಕಾರ್ಖಾನೆಯಲ್ಲ, ದಾಂಪತ್ಯ. ಒಡತಿಯ ದರ್ಪಕ್ಕೆ ಉತ್ತರ ಕಾರ್ಮಿಕ ಸಂಘದಿಂದ ಬಂದಿದ್ದರೆ ಅದು ಬೇರೆಯೇ ಚಿತ್ರವಾಗುತ್ತಿತ್ತು. ಇಲ್ಲಿ ಉತ್ತರ ಬರುವುದು ತಾಳಿಯಿಂದ. ಈ ಕಥೆಯ ಮೂಲ ಎಚ್.ಜಿ. ರಾಧಾದೇವಿಯವರ ಕಾದಂಬರಿ. ಮುಂದೆ ಇದೇ ಕಥೆ ತೆಲುಗಿನಲ್ಲಿ 'ಘರಾನಾ ಮೊಗುಡು', ತಮಿಳಿನಲ್ಲಿ 'ಮನ್ನನ್', ಹಿಂದಿಯಲ್ಲಿ 'ಲಾಡ್ಲಾ' ಆಗಿ ದೇಶವನ್ನೆಲ್ಲ ಸುತ್ತಿತು. ಕನ್ನಡದಿಂದ ಬೇರೆ ಭಾಷೆಗಳಿಗೆ ಹೋದ ಕಥೆಗಳು ಕಡಿಮೆ ಎಂದು ಕೊರಗುವವರು ಯಾವ ಕಥೆ ಹೋಯಿತು ಎಂದೂ ನೋಡಬೇಕು.

ಈ ಚಿತ್ರಗಳಲ್ಲಿ ನಟರ ಪ್ರತಿಭೆಯಿದೆ, ಇಂಪಾದ ಹಾಡುಗಳಿವೆ. ನಾವೆಲ್ಲ ಮನೆಮಂದಿ ಸಮೇತ ಹೋಗಿ ನಕ್ಕು ಬಂದವರೇ. ನಕ್ಕದ್ದು ಯಾವುದಕ್ಕೆ ಎಂದು ಕೇಳಿಕೊಳ್ಳುವ ಹಕ್ಕು ಅದರಿಂದ ಹೋಗಿಬಿಡುವುದಿಲ್ಲ. ಇಂಥ ಕಥೆಗಳಲ್ಲಿ ಹೆಣ್ಣಿನ ವಿದ್ಯೆ, ಹಣ, ಮಾತು, ನಡಿಗೆ ಎಲ್ಲವೂ ಒಂದು ರೋಗದ ಲಕ್ಷಣಗಳು. ಗಂಡ ವೈದ್ಯ. ಅವನ ಒರಟುತನ ಚಿಕಿತ್ಸೆ. ಕೊನೆಯ ರೀಲಿನಲ್ಲಿ ಅವಳು ತಲೆಬಗ್ಗಿಸಿ ಬಂದಾಗ ಅದಕ್ಕೆ "ಕಲ್ಯಾಣ" ಎಂಬ ಹೆಸರು.

ಕೆನ್ನೆಯ ಊತ

ಸಿನಿಮಾ ಪಾಠದಲ್ಲಿ ನಾನು ಮಾಡಿಸುವ ಒಂದು ಸರಳ ಅಭ್ಯಾಸವಿದೆ. ನಾಯಕ ನಾಯಕಿಗೆ ಹೊಡೆಯುವ ಯಾವುದಾದರೂ ಜನಪ್ರಿಯ ದೃಶ್ಯವನ್ನು ಮೊದಲು ಹಾಗೆಯೇ ತೋರಿಸುತ್ತೇನೆ. ನಗು ಬರುತ್ತದೆ, ಕೆಲವೊಮ್ಮೆ ಶಿಳ್ಳೆ. ಬಳಿಕ ಅದೇ ದೃಶ್ಯವನ್ನು ಧ್ವನಿಯಿಲ್ಲದೆ ತೋರಿಸುತ್ತೇನೆ. ಹಿನ್ನೆಲೆ ಸಂಗೀತವಿಲ್ಲ, ಢಬ್ ಎಂಬ ಸದ್ದಿಲ್ಲ, ನಾಯಕನ ಗಂಭೀರ ಸಂಭಾಷಣೆಯಿಲ್ಲ. ಆಗ ಉಳಿಯುವುದು ಇಷ್ಟೇ: ದೊಡ್ಡ ದೇಹವೊಂದು ಚಿಕ್ಕ ದೇಹವೊಂದಕ್ಕೆ ಹೊಡೆಯುತ್ತದೆ, ಚಿಕ್ಕ ದೇಹ ತಿರುಗಿ ಬೀಳುತ್ತದೆ. ತರಗತಿ ಮೌನವಾಗುತ್ತದೆ.

ಮೂರನೆಯ ಸಲ ನೋಡುವಾಗ ಶಾಟ್‌ಗಳನ್ನು ಬರೆದುಕೊಳ್ಳಲು ಹೇಳುತ್ತೇನೆ. ಸಾಮಾನ್ಯವಾಗಿ ಕ್ರಮ ಹೀಗಿರುತ್ತದೆ. ಅವಳ ಉದ್ಧಟ ಮಾತು, ಹತ್ತಿರದಿಂದ. ಕೇಳುತ್ತಿರುವ ಹಿರಿಯರ ನೊಂದ ಮುಖ. ಎತ್ತಿದ ಕೈ, ಕೆಳಗಿನಿಂದ, ಅವನು ಎತ್ತರವಾಗಿ ಕಾಣುವಂತೆ. ಏಟು. ಅವಳ ಮುಖ ಒಂದು ಕ್ಷಣ. ಮತ್ತೆ ಅವನ ಮುಖ, ದೀರ್ಘವಾಗಿ, ಅವನ ಮಾತು. ಅವನ ಕಣ್ಣಲ್ಲೂ ನೀರು. ಹೊಡೆದವನ ನೋವನ್ನು ತೋರಿಸಲು ಕ್ಯಾಮೆರಾಕ್ಕೆ ಎಷ್ಟು ಹೊತ್ತಿದೆ, ನೋಡಿ! ಮುಂದಿನ ದೃಶ್ಯದಲ್ಲಿ ಅವಳು ಬದಲಾಗಿದ್ದಾಳೆ. ಸೀರೆ ಉಟ್ಟಿದ್ದಾಳೆ, ಕಾಫಿ ತರುತ್ತಾಳೆ. ಅವಳ ಕೆನ್ನೆ ಊದಿರುವುದಿಲ್ಲ. ಬೆರಳಿನ ಗುರುತಿರುವುದಿಲ್ಲ. ಕಿವಿ ಗುಂಯ್ ಎನ್ನುವುದಿಲ್ಲ. ಮಾರನೆಯ ದಿನ ಪಕ್ಕದ ಮನೆಯವಳು "ಏನಾಯಿತೇ?" ಎಂದು ಕೇಳಿದಾಗ ಅವಳು "ಬಚ್ಚಲಲ್ಲಿ ಜಾರಿಬಿದ್ದೆ" ಎಂದು ಹೇಳಬೇಕಾಗುವುದಿಲ್ಲ.

ಗೆಳತಿಯರೇ, ನಮ್ಮ ಸಂಘಟನೆಗಳಿಗೆ ಬರುವ ಹೆಂಗಸರ ಕಥೆ ಶುರುವಾಗುವುದೇ ಸಿನಿಮಾ ಬಿಟ್ಟುಬಿಡುವ ಈ ಜಾಗದಲ್ಲಿ. ಏಟಿಗೆ ಮುಂದಿನ ಹತ್ತು ನಿಮಿಷ, ಮುಂದಿನ ರಾತ್ರಿ, ಮಕ್ಕಳು ಶಾಲೆಗೆ ಹೊರಡುವ ಮುಂದಿನ ಬೆಳಗ್ಗೆ. 2020ರಲ್ಲಿ ಬಂದ ಅನುಭವ್ ಸಿನ್ಹಾ ಅವರ ಹಿಂದಿ ಚಿತ್ರ 'ಥಪ್ಪಡ್' ಇಷ್ಟು ಚರ್ಚೆಯಾದದ್ದಕ್ಕೆ ಕಾರಣ ಇದೇ. ಅದರಲ್ಲಿ ಗಂಡ ಹೆಂಡತಿಗೆ ಹೊಡೆಯುವುದು ಒಂದೇ ಒಂದು ಸಲ, ಮನೆಯ ಔತಣಕೂಟದಲ್ಲಿ, ಎಲ್ಲರೆದುರು. ಅಲ್ಲಿಂದ ಮುಂದೆ ಕ್ಯಾಮೆರಾ ಅವಳನ್ನು ಬಿಟ್ಟು ಹೋಗುವುದಿಲ್ಲ. "ಒಂದೇ ಏಟಿಗೆ ಇಷ್ಟು ರಾದ್ಧಾಂತವೇ?" ಎಂದು ಎಷ್ಟೋ ಮಂದಿ ಕೇಳಿದರು. ಆ ಪ್ರಶ್ನೆ ಚಿತ್ರದೊಳಗಿನ ಬಂಧುಗಳೂ ಕೇಳುವ ಪ್ರಶ್ನೆಯೇ.

ಕಣ್ಣೀರಿನ ಪರಂಪರೆ

"ಹಾಗಾದರೆ ಪುಟ್ಟಣ್ಣ ಕಣಗಾಲ್? ಕನ್ನಡದಲ್ಲಿ ಹೆಣ್ಣಿನ ನೋವನ್ನು ಅವರಷ್ಟು ತೋರಿಸಿದವರು ಯಾರು?" ಎಂದು ಕೇಳುವವರಿದ್ದಾರೆ. ಕೇಳಲೇಬೇಕಾದ ಪ್ರಶ್ನೆ. 'ಗೆಜ್ಜೆಪೂಜೆ' (1969) ಎಂ.ಕೆ. ಇಂದಿರಾ ಅವರ ಕಾದಂಬರಿ. 'ಶರಪಂಜರ' (1971) ತ್ರಿವೇಣಿಯವರ ಕಾದಂಬರಿ. ಲೇಖಕಿಯರ ಬರಹವನ್ನು ಜನಸಾಮಾನ್ಯರ ಬಳಿಗೆ ಕೊಂಡೊಯ್ದ ಋಣ ಅವರದು, ಅದನ್ನು ಮರೆಯಬಾರದು. 'ಶರಪಂಜರ'ದ ಕಾವೇರಿಗೆ ಹೆರಿಗೆಯ ನಂತರ ಮಾನಸಿಕ ಕಾಯಿಲೆ ಬರುತ್ತದೆ; ಗುಣವಾಗಿ ಬಂದವಳನ್ನು ಗಂಡ, ನೆರೆಹೊರೆ, ಅಡುಗೆಯವನು ಯಾರೂ ಗುಣವಾದವಳೆಂದು ಒಪ್ಪುವುದಿಲ್ಲ. ಗಂಡನಿಗೆ ಇನ್ನೊಬ್ಬಳ ಸಂಗವಿದೆ ಎಂದು ಗೊತ್ತಾದ ಮೇಲೆ ಅವಳು ಮತ್ತೆ ಆಸ್ಪತ್ರೆಗೇ ಹೋಗುತ್ತಾಳೆ. ಕಲ್ಪನಾ ಅವರ ಆ ಅಭಿನಯವನ್ನು ನೋಡಿ ಒಂದು ತಲೆಮಾರು ಅತ್ತಿತು. ಮನೆಯೇ ಹುಚ್ಚು ಹಿಡಿಸಬಲ್ಲದು ಎಂದು ಹೇಳಿದ ಧೈರ್ಯದ ಚಿತ್ರ ಅದು.

ಆದರೆ ದಾರಿ ಎಲ್ಲಿ ಮುಗಿಯುತ್ತದೆ ಎಂದು ನೋಡಿ. ಕಾವೇರಿಗೆ ಹುಚ್ಚಾಸ್ಪತ್ರೆ. 'ಗೆಜ್ಜೆಪೂಜೆ'ಯ ಚಂದ್ರಾಳಿಗೆ ಸಾವು. 'ನಾಗರಹಾವು' (1972) ಚಿತ್ರದಲ್ಲಿ ಗಂಡನಿಂದಲೇ ಮೈ ಮಾರುವ ದಂಧೆಗೆ ನೂಕಲ್ಪಟ್ಟ ಅಲಮೇಲುವಿಗೆ ಅದೇ ಬಾಳು; ಮಾರ್ಗರೆಟ್‌ಗೆ ಬೆಟ್ಟದ ತುದಿ. ನೋವು ಎಷ್ಟು ಸುಂದರವಾಗಿ ಚಿತ್ರಿತವಾಗಿದೆ ಎಂದರೆ ನೋವು ತಿನ್ನುವುದೇ ಹೆಣ್ಣಿನ ದೊಡ್ಡಸ್ತಿಕೆ ಎನಿಸಿಬಿಡುತ್ತದೆ. ನಾವು ಕಣ್ಣೊರೆಸಿಕೊಂಡು ಮನೆಗೆ ಬಂದೆವು, ಒಲೆ ಹಚ್ಚಿದೆವು. ಮುಂದೆ ಪುಟ್ಟಣ್ಣನವರ ಕಲೆಗಾರಿಕೆಯಿಲ್ಲದ ಕೈಗಳಿಗೆ ಈ ಕಣ್ಣೀರು ಸಿಕ್ಕಿ ಅಗ್ಗದ ಸರಕಾಯಿತು. 'ತವರುಮನೆ ಉಡುಗೊರೆ' (1991), 'ತವರಿನ ತೊಟ್ಟಿಲು' (1996), 'ತವರಿಗೆ ಬಾ ತಂಗಿ' (2002) ಎಂದು ಹೆಸರಿನಲ್ಲೇ ತವರನ್ನು ಹೊತ್ತ ಸಾಲುಸಾಲು ಚಿತ್ರಗಳು ಬಂದವು. ಅಣ್ಣನ ಪ್ರೀತಿ ದೊಡ್ಡದೇ. ಆದರೆ ನಿಜ ಬದುಕಿನಲ್ಲಿ ಏಟು ತಿಂದು ತವರಿಗೆ ಬಂದ ಮಗಳಿಗೆ "ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ" ಎಂದು ಬುದ್ಧಿ ಹೇಳಿ ಮಾರನೆಯ ಬಸ್ಸಿಗೆ ಹತ್ತಿಸುವುದೇ ಹೆಚ್ಚು. ಹಾಗೆ ವಾಪಸು ಕಳಿಸಿದ ಮಗಳು ಹೆಣವಾಗಿ ಬಂದಾಗ ಎದೆ ಬಡಿದುಕೊಳ್ಳುವ ತಂದೆ ತಾಯಿಯರನ್ನು ನಾವು ಶವಾಗಾರಗಳ ಮುಂದೆ ಕಂಡಿದ್ದೇವೆ. ತವರಿನ ಈ ಪಾಲನ್ನು ತವರಿನ ಸಿನಿಮಾಗಳು ಕೇಳುವುದಿಲ್ಲ.

ಬೇರೆ ದಾರಿ ಇರಲಿಲ್ಲವೇ? ಇತ್ತು. ಎಂ.ಕೆ. ಇಂದಿರಾ ಅವರದೇ 'ಫಣಿಯಮ್ಮ'ನನ್ನು 1983ರಲ್ಲಿ ಪ್ರೇಮಾ ಕಾರಂತರು ತೆರೆಗೆ ತಂದರು. ತಲೆ ಬೋಳಿಸಿಕೊಂಡು ಇಡೀ ಬಾಳು ಸವೆಸಿದ ಆ ಮುದುಕಿ, ತಲೆ ಬೋಳಿಸಿಕೊಳ್ಳುವುದಿಲ್ಲ ಎನ್ನುವ ಎಳೆಯ ವಿಧವೆಯ ಪರವಾಗಿ ನಿಲ್ಲುತ್ತಾಳೆ. ಬಾನು ಮುಷ್ತಾಕ್ ಅವರ ಕಥೆಯಿಂದ ಗಿರೀಶ ಕಾಸರವಳ್ಳಿಯವರು 2004ರಲ್ಲಿ ಮಾಡಿದ 'ಹಸೀನಾ'ದಲ್ಲಿ, ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಕೈಬಿಟ್ಟವಳು ಊರ ಹಿರಿಯರೆದುರು ನ್ಯಾಯ ಕೇಳಿ ಕೂರುತ್ತಾಳೆ. ಈ ಹೆಂಗಸರು ಅಳುವುದಕ್ಕಿಂತ ಹೆಚ್ಚಾಗಿ ಕೇಳುತ್ತಾರೆ. ಇಂಥ ಚಿತ್ರಗಳು ಪ್ರಶಸ್ತಿ ಪಡೆದು ಡಬ್ಬ ಸೇರಿದವು. ಹೋಬಳಿಯ ಟೆಂಟುಗಳಿಗೆ ಅವನ್ನು ಕೊಂಡೊಯ್ಯುವ ಕೆಲಸವನ್ನು ಸರ್ಕಾರವಾಗಲಿ ಉದ್ಯಮವಾಗಲಿ ಮನಸ್ಸಿಟ್ಟು ಮಾಡಲಿಲ್ಲ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ

ಟಾಕೀಸಿಗೆ ಹೋಗಲು ಹಣ ಬೇಕು, ಗಂಡನ ಒಪ್ಪಿಗೆ ಬೇಕು. ಟಿವಿ ಅಡುಗೆಮನೆಯ ಪಕ್ಕಕ್ಕೇ ಬಂತು. 1984ರಲ್ಲಿ ದೂರದರ್ಶನದಲ್ಲಿ 'ಹಮ್ ಲೋಗ್' ಶುರುವಾದಾಗ ಅದರ ಉದ್ದೇಶವೇ ಮನರಂಜನೆಯ ಮೂಲಕ ಶಿಕ್ಷಣ, ಸ್ತ್ರೀಯರ ಸ್ಥಾನಮಾನ ಎತ್ತರಿಸುವುದು. ಎಲ್ಲವನ್ನೂ ಸಹಿಸುವ ತಾಯಿ ಭಾಗವಂತಿಯನ್ನು ಹೀಗಿರಬಾರದು ಎಂದು ತೋರಿಸಲಿಕ್ಕೆ ಸೃಷ್ಟಿಸಿದರು. ಅಧ್ಯಯನ ಮಾಡಿದ ಸಂಶೋಧಕರಿಗೆ ಕಂಡದ್ದೇನು? ನೋಡುಗರಲ್ಲಿ ಅನೇಕರು, ಹೆಂಗಸರೂ ಸೇರಿ, ಅವಳನ್ನೇ ಆದರ್ಶವೆಂದು ಮೆಚ್ಚಿಕೊಂಡಿದ್ದರು. ಸಹನೆಯ ಮೂರ್ತಿಯನ್ನು ಪರದೆಯ ಮೇಲೆ ಇಟ್ಟರೆ ಸಾಕು, ಪೂಜೆ ತಾನಾಗಿ ನಡೆಯುತ್ತದೆ ಎಂಬ ಈ ಪಾಠವನ್ನು ಮುಂದೆ ಬಂದ ಖಾಸಗಿ ವಾಹಿನಿಗಳು ಚೆನ್ನಾಗಿ ಕಲಿತುಕೊಂಡವು.

2000ದ ಜುಲೈನಲ್ಲಿ ಸ್ಟಾರ್ ಪ್ಲಸ್‌ನಲ್ಲಿ 'ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ' ಬಂತು. ಹೆಸರಿನ ಅರ್ಥ ನಮ್ಮ ಹಳೆಯ ಗಾದೆಯೇ: ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ಈ ಗಾದೆಯೇ ಎಲ್ಲ ಭಾಷೆಗಳ ದೈನಿಕ ಧಾರಾವಾಹಿಗೆ ಅಚ್ಚಾಯಿತು. ಏಕೆ ಹೀಗೆ ಎಂದು ತಿಳಿಯಲು ಧಾರಾವಾಹಿಯ ಅರ್ಥಶಾಸ್ತ್ರ ಅರಿಯಬೇಕು. ವಾರಕ್ಕೆ ಐದಾರು ದಿನ, ವರ್ಷಾನುಗಟ್ಟಲೆ ಓಡಬೇಕು. ಜಗಳ ಮುಗಿಯಬಾರದು, ಮುಗಿದರೆ ಜಾಹೀರಾತು ಹೋಯಿತು. ನಾಯಕ ಕೆಟ್ಟವನಾಗಬಾರದು, ಅವನು ಜೈಲಿಗೆ ಹೋದರೆ ಜೋಡಿ ಒಡೆಯಿತು. ಹಾಗಾದರೆ ಹಿಂಸೆಯನ್ನು ಯಾರ ತಲೆಗೆ ಕಟ್ಟುವುದು? ಅತ್ತೆಗೆ, ನಾದಿನಿಗೆ, ವಾರಗಿತ್ತಿಗೆ, ಎರಡನೆಯವಳಿಗೆ. ಗಂಡ ಪಾಪ, ಅವನಿಗೆ ಏನೂ ಗೊತ್ತಿಲ್ಲ. ಅಥವಾ ತಪ್ಪು ತಿಳಿದಿದ್ದಾನೆ.

ಅತ್ತೆಯರು ಹಿಂಸಿಸುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಸೀಮೆಎಣ್ಣೆ ಸುರಿದ ಕೈಗಳಲ್ಲಿ ಬಳೆ ತೊಟ್ಟ ಕೈಗಳೂ ಇದ್ದವು. ಆದರೆ 1983ರಲ್ಲಿ ಭಾರತ ದಂಡ ಸಂಹಿತೆಗೆ 498ಎ ಕಲಮನ್ನು ಸೇರಿಸಿದಾಗ ಅದು "ಗಂಡ ಅಥವಾ ಗಂಡನ ಬಂಧು" ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮೂ ಅದನ್ನೇ ಹೇಳುತ್ತದೆ. ಕಾನೂನಿನಲ್ಲಿ ಮೊದಲು ಬರುವ ಹೆಸರು ಧಾರಾವಾಹಿಯಲ್ಲಿ ಮಾಯವಾಗಿದೆ. ವರದಕ್ಷಿಣೆಯ ಹಣ ಯಾರ ಸ್ಕೂಟರಿಗೆ, ಯಾರ ಸೈಟಿಗೆ, ಯಾರ ವ್ಯಾಪಾರದ ಬಂಡವಾಳಕ್ಕೆ ಹೋಗುತ್ತದೆ ಎಂದು ಕೇಳಿದರೆ ಆ ಹೆಸರು ತಾನಾಗಿ ಹೊರಬರುತ್ತದೆ. ಕೇಳುವ ಪಾತ್ರ ಬೇಕಷ್ಟೇ. ಪುರುಷಪ್ರಧಾನ ವ್ಯವಸ್ಥೆ ಹೆಂಗಸರ ನಡುವಿನ ಜಗಳವಾಗಿ ವೇಷ ಹಾಕಿಕೊಂಡು ದಿನವೂ ರಾತ್ರಿ ಎಂಟಕ್ಕೆ ನಮ್ಮ ಮನೆಗೆ ಬರುತ್ತಿದೆ.

ಕಾನೂನು ತೋರಿಸಿದರೆ ಜನ ನೋಡುವುದಿಲ್ಲ ಎನ್ನುತ್ತಾರೆ. ಇದು ಸುಳ್ಳು. 1998ರಲ್ಲಿ ದೂರದರ್ಶನದಲ್ಲಿ ಬಂದ 'ಮಾಯಾಮೃಗ'ದಿಂದ ಹಿಡಿದು 'ಮುಕ್ತ'ದವರೆಗೆ ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಲ್ಲಿ ನ್ಯಾಯಾಲಯದ ದೃಶ್ಯಗಳಿಗಾಗಿಯೇ ಜನ ಕಾದು ಕೂರುತ್ತಿದ್ದರು. ಪಾಟೀಸವಾಲನ್ನು ಅಷ್ಟು ಆಸೆಯಿಂದ ಕೇಳಿದ ಕನ್ನಡದ ನೋಡುಗರಿಗೆ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿ ಎಂಬೊಬ್ಬರಿದ್ದಾರೆ, ಗಂಡನ ಮನೆಯಲ್ಲಿ ವಾಸಿಸುವ ಹಕ್ಕನ್ನು ನ್ಯಾಯಾಲಯದಿಂದ ಪಡೆಯಬಹುದು, 181ಕ್ಕೆ ಫೋನ್ ಮಾಡಬಹುದು ಎಂಬುದು ಬೇಸರದ ಸಂಗತಿಯಾದೀತೇ? ಪರದೆಯ ಮೇಲಿನ ಸೊಸೆ ಬೆಂಕಿಯ ಮೇಲೆ ನಡೆಯುತ್ತಾಳೆ, ದೇವಸ್ಥಾನದ ಮೆಟ್ಟಿಲನ್ನು ಮೊಣಕಾಲಲ್ಲಿ ಹತ್ತುತ್ತಾಳೆ. ಒಂದು ಫೋನ್ ಮಾಡುವುದಿಲ್ಲ.

ಮದುವೆ ಎಂಬ ಜಾಹೀರಾತು

ವರದಕ್ಷಿಣೆ ನಿಷೇಧ ಕಾಯ್ದೆ 1961ರದು. ಆರು ದಶಕ ದಾಟಿತು. ಯಾವ ಧಾರಾವಾಹಿಯಲ್ಲೂ ನಾಯಕ ವರದಕ್ಷಿಣೆ ಕೇಳುವುದಿಲ್ಲ, ಅದು ಖಳರ ಕೆಲಸ. ಒಂದು ಸಂಚಿಕೆಯಲ್ಲಿ ಅದನ್ನು ಖಂಡಿಸುವ ಖಡಕ್ ಸಂಭಾಷಣೆಯೂ ಬರುತ್ತದೆ. ಆಮೇಲೆ ವಾರಗಟ್ಟಲೆ ಮದುವೆ. ಅರಿಶಿನ, ಮೆಹಂದಿ, ಸಂಗೀತ್, ರೇಷ್ಮೆ, ಕತ್ತಿನಿಂದ ಸೊಂಟದವರೆಗೆ ಚಿನ್ನ. ನಮ್ಮ ಹಳ್ಳಿಗಳಲ್ಲಿ ಎಂದೂ ಇರದಿದ್ದ ಶಾಸ್ತ್ರಗಳು ಈಗ ಮದುವೆಮನೆಯ ಖರ್ಚಿನ ಪಟ್ಟಿಯಲ್ಲಿವೆ. ನಡುವೆ ಜಾಹೀರಾತು: ಮಗಳ ಮದುವೆಗೆ ಒಡವೆ ಕೊಳ್ಳುವ ತಂದೆಯ ಒದ್ದೆ ಕಣ್ಣು. ಒಂದು ಮಾತಿನಿಂದ ವರದಕ್ಷಿಣೆಯನ್ನು ಬೈದು, ನೂರು ಚಿತ್ರಗಳಿಂದ ಅದನ್ನು ಮಾರುವುದೆಂದರೆ ಇದೇ. ಕಣ್ಣಿಗೆ ಉಳಿಯುವುದು ಯಾವುದು ಎಂದು ಯಾವ ಸಿನಿಮಾ ವಿದ್ಯಾರ್ಥಿಯಾದರೂ ಹೇಳಬಲ್ಲ.

1986ರ ತಿದ್ದುಪಡಿಯಲ್ಲಿ ಈ ಕಾಯ್ದೆಗೆ 4ಎ ಕಲಂ ಸೇರಿತು. ಮದುವೆಗೆ ಪ್ರತಿಯಾಗಿ ಆಸ್ತಿಯ ಪಾಲು, ಹಣ ಕೊಡುತ್ತೇವೆಂದು ಜಾಹೀರಾತು ನೀಡುವುದು ಅಪರಾಧ. ಅದನ್ನು ಅಚ್ಚು ಮಾಡುವುದೂ ಅಪರಾಧ. ಹೀಗೆ ವಧುವಿನ ತಂದೆ ನಾಲ್ಕು ಸಾಲಿನ ಜಾಹೀರಾತು ಕೊಟ್ಟರೆ ಕಾನೂನಿದೆ. ಕೊಡುವುದೇ ತಂದೆಯ ಪ್ರೀತಿಯ ಅಳತೆ ಎಂದು ದಿನಕ್ಕೆ ನೂರು ಸಲ ಹೇಳುವ ಜಾಹೀರಾತಿಗೆ ಏನೂ ಇಲ್ಲ.

ಶಂಕೆಯೇ ಶೀರ್ಷಿಕೆ

ಕಥೆ ಬಿಟ್ಟು ಸುದ್ದಿಗೆ ಬಂದರೆ ಅಲ್ಲೂ ಇದೇ ಕ್ಯಾಮೆರಾ. ಹಿಂದೆ "ಸ್ಟೌವ್ ಸಿಡಿದು ಗೃಹಿಣಿ ಸಾವು" ಎಂಬ ಒಂದು ಕಲಮಿನ ಸುದ್ದಿ ಪತ್ರಿಕೆಗಳಲ್ಲಿ ಪದೇಪದೇ ಬರುತ್ತಿತ್ತು. ಸ್ಟೌವುಗಳು ಸೊಸೆಯಂದಿರಿಗೇ ಏಕೆ ಸಿಡಿಯುತ್ತವೆ ಎಂದು ಕೇಳಿದವರು ಮಹಿಳಾ ಸಂಘಟನೆಗಳವರು. ಬೆಂಗಳೂರಿನಲ್ಲಿ ವಿಮೋಚನಾದ ಗೆಳತಿಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿನಲ್ಲಿ ಹಾಸಿಗೆಯ ಪಕ್ಕ ಕೂತು ಕೇಳಿಸಿಕೊಂಡ ಮೇಲೆ ಆ "ಅಪಘಾತ"ಗಳ ಒಳಗು ಹೊರಬಿತ್ತು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ವರದಕ್ಷಿಣೆ ಸಾವಿನ ಪ್ರಕರಣಗಳು 6,450. ದಿನಕ್ಕೆ ಹದಿನೇಳಕ್ಕೂ ಹೆಚ್ಚು. ದಾಖಲಾಗದವು ಈ ಲೆಕ್ಕದಲ್ಲಿಲ್ಲ.

ಇವತ್ತಿನ ಶೀರ್ಷಿಕೆಗಳನ್ನು ಓದಿ. "ಅನೈತಿಕ ಸಂಬಂಧ ಶಂಕೆ: ಪತ್ನಿಯ ಕೊಲೆ." ಶಂಕೆ ಯಾರದು? ಕೊಂದವನದು. ಅವನು ತನ್ನ ರಕ್ಷಣೆಗೆ ಹೇಳಿದ ಮಾತು ದಪ್ಪ ಅಕ್ಷರದಲ್ಲಿ ಮೊದಲು, ಸತ್ತವಳು ಆಮೇಲೆ. "ಕೌಟುಂಬಿಕ ಕಲಹ: ಗೃಹಿಣಿ ಆತ್ಮಹತ್ಯೆ." ಕಲಹವೆಂದರೆ ಇಬ್ಬರೂ ಸಮನಾಗಿ ಮಾಡುವುದು ತಾನೇ? ಟಿವಿಯ ಕ್ರೈಂ ಕಾರ್ಯಕ್ರಮಗಳಂತೂ ಸತ್ತವಳ ಮದುವೆಯ ಫೋಟೋಕ್ಕೆ ಭಯಾನಕ ಸಂಗೀತ ಹಚ್ಚಿ, ಅವಳ "ಶೋಕಿ"ಯನ್ನು ವಿವರಿಸಿ, ಅಭಿನಯ ಮಾಡಿಸಿ ತೋರಿಸುತ್ತವೆ. ಅದನ್ನು ಮೊಬೈಲಿನಲ್ಲಿ ತುಂಡು ಮಾಡಿ ಹಂಚುವವರಿದ್ದಾರೆ. ಹೆಂಡತಿಗೆ ಬೀಳುವ ಏಟಿಗೆ ನಗುವಿನ ಸದ್ದು ಸೇರಿಸಿದ ಅರ್ಧ ನಿಮಿಷದ ರೀಲುಗಳೂ ಅಲ್ಲೇ ಓಡುತ್ತಿವೆ. ಸಮೀಕ್ಷೆಯ ಏಳು ಕಾರಣಗಳಲ್ಲಿ ಶಂಕೆ ಒಂದು ಎಂದು ಮೇಲೆ ಹೇಳಿದೆ. ಅದನ್ನು ಕಾರಣವೆಂದು ಒಪ್ಪುವ ಮನಸ್ಸಿಗೆ ಪತ್ರಿಕೆಯ ತಲೆಬರಹವೇ ರುಜು ಹಾಕಿಕೊಡುತ್ತಿದೆ.

ಉದ್ಯಮದ ಸ್ವಂತ ಮನೆ

2011ರ ಸೆಪ್ಟೆಂಬರಿನಲ್ಲಿ ನಟ ದರ್ಶನ್ ಅವರನ್ನು ಪತ್ನಿಯ ಮೇಲಿನ ಹಲ್ಲೆಯ ದೂರಿನ ಮೇಲೆ ಪೊಲೀಸರು ಬಂಧಿಸಿದರು. ಬಳಿಕ ಪತ್ನಿ ದೂರಿನಿಂದ ಹಿಂದೆ ಸರಿದರು. ಆ ದಾಂಪತ್ಯದ ಬಗ್ಗೆ ಮಾತಾಡುವುದು ನನ್ನ ಉದ್ದೇಶವಲ್ಲ. ಉದ್ಯಮ ಏನು ಮಾಡಿತು ಎಂಬುದು ಎಲ್ಲರ ವಿಷಯ. ಬಂಧನವಾದ ಕೂಡಲೇ ಚಲನಚಿತ್ರ ನಿರ್ಮಾಪಕರ ಸಂಘ ಮೂರು ವರ್ಷಗಳ ನಿಷೇಧ ಹೇರಿತು. ಯಾರ ಮೇಲೆ? ಆರೋಪಿಯ ಮೇಲಲ್ಲ. ಸಂಸಾರ ಒಡೆದಳೆಂದು ಹೇಳಿ ಒಬ್ಬ ನಟಿಯ ಮೇಲೆ! ಮಹಿಳೆಯರು, ಪತ್ರಕರ್ತರು, ಉದ್ಯಮದ ಕೆಲವರು ಛೀಮಾರಿ ಹಾಕಿದ ಮೇಲೆ ನಿಷೇಧ ವಾಪಸಾಯಿತು. ನಾಯಕ ನ್ಯಾಯಾಂಗ ಬಂಧನದಲ್ಲಿದ್ದಾಗಲೇ, ಸೆಪ್ಟೆಂಬರ್ 30ರಂದು, ಅವರ 'ಸಾರಥಿ' ಬಿಡುಗಡೆಯಾಗಿ ಭಾರಿ ಯಶಸ್ಸು ಕಂಡಿತು.

ಧಾರಾವಾಹಿಯ ಕಥಾಸೂತ್ರ ಇಲ್ಲಿ ಅಕ್ಷರಶಃ ನಡೆದುಹೋಯಿತು: ತಪ್ಪು ಎರಡನೆಯವಳದು, ಗಂಡ ದಾರಿ ತಪ್ಪಿದವನು, ಹೆಂಡತಿ ಕ್ಷಮಿಸುವವಳು, ಜನ ಚಪ್ಪಾಳೆ ತಟ್ಟುವವರು. ಕಥೆಗಾರರು ತಮ್ಮ ಕಥೆಯನ್ನು ತಾವೇ ನಂಬಿದ್ದರು. ಇನ್ನು ಮುಂದೆ "ಅದು ಬರೀ ಸಿನಿಮಾ" ಎಂದು ಯಾರಾದರೂ ಹೇಳಿದಾಗ ಈ ಪ್ರಸಂಗವನ್ನು ನೆನಪಿಸಿ.

ಮತ್ತೊಂದು ನೆನಪು. 2012ರಲ್ಲಿ ಆಮೀರ್ ಖಾನ್ ಅವರ 'ಸತ್ಯಮೇವ ಜಯತೇ' ಕಾರ್ಯಕ್ರಮ ತಮಿಳು, ತೆಲುಗು, ಮಲಯಾಳಂಗಳಲ್ಲಿ ಪ್ರಸಾರವಾಯಿತು. ಡಬ್ಬಿಂಗ್ ವಿರೋಧದಿಂದಾಗಿ ಕನ್ನಡದಲ್ಲಿ ಆಗಲಿಲ್ಲ. ಅದರಲ್ಲಿ ವರದಕ್ಷಿಣೆಯ ಮೇಲೆ ಒಂದು ಕಂತು, ಕೌಟುಂಬಿಕ ಹಿಂಸೆಯ ಮೇಲೆ ಇನ್ನೊಂದು ಕಂತು ಇತ್ತು. ಡಬ್ಬಿಂಗ್ ಬೇಕೇ ಬೇಡವೇ ಎಂಬ ವಾದ ಇಲ್ಲಿ ಬೇಡ. ಕನ್ನಡ ಕಲಾವಿದರ ಅನ್ನದ ಪ್ರಶ್ನೆ ಅದರಲ್ಲಿತ್ತು ಎಂಬುದೂ ನಿಜ. ಆದರೆ ಹೊರಗಿನದು ಬೇಡ ಎಂದವರು ನಮ್ಮದೇ ಆದ ಅಂಥ ಒಂದು ಕಾರ್ಯಕ್ರಮವನ್ನು ಅದೇ ಭಾನುವಾರದ ಬೆಳಗಿಗೆ ಸಿದ್ಧಪಡಿಸಿ ಕೊಟ್ಟರೇ? ಸಂಸ್ಕೃತಿಯ ಕಾವಲಿಗೆ ನಿಂತವರ ಲೆಕ್ಕದಲ್ಲಿ ಕನ್ನಡದ ಹೆಣ್ಣಿನ ಕೆನ್ನೆ ಸಂಸ್ಕೃತಿಯೊಳಗೆ ಬರುವುದಿಲ್ಲವೇ?

ನಾವು ಕೇಳುತ್ತಿರುವುದೇನು?

ನಾವು ಕತ್ತರಿ ಕೇಳುತ್ತಿಲ್ಲ. ಹೆಣ್ಣನ್ನು ಹೀನಾಯವಾಗಿ ತೋರಿಸಬಾರದು ಎಂಬ ಮಾತು ಸೆನ್ಸಾರ್ ಮಂಡಳಿಯ 1991ರ ಮಾರ್ಗಸೂಚಿಯಲ್ಲೇ ಇದೆ. ಅದನ್ನಿಟ್ಟುಕೊಂಡು ಅವರು ಮೈ ಕಾಣುವುದನ್ನು ಅಳೆಯುತ್ತಾರೆ, ಏಟನ್ನು ಅಳೆಯುವುದಿಲ್ಲ. ನಾಯಕ ಸಿಗರೇಟು ಹಚ್ಚಿದರೆ ಪರದೆಯ ಮೂಲೆಯಲ್ಲಿ ಎಚ್ಚರಿಕೆ ಮೂಡಬೇಕು, 2012ರಿಂದ ಅದು ಕಡ್ಡಾಯ. ಕುದುರೆಗೆ ನೋವಾಗಿಲ್ಲ ಎಂದು ಪ್ರಮಾಣಪತ್ರ ಬೇಕು. ಹೆಂಡತಿಗೆ ಹೊಡೆದರೆ ಮಾತ್ರ ಪಿಟೀಲು. ಆ ಏಟಿನ ಕೆಳಗೂ ಒಂದು ಸಾಲು ಅಂಟಿಸಿ ಎಂದು ಕೇಳುವುದರಿಂದ ಏನೂ ಆಗದು. ಹಿಂಸೆಯನ್ನು ತೋರಿಸಬೇಡಿ ಎಂದರೆ ಅದನ್ನು ಮುಚ್ಚಿಡಲು ನಾವೇ ನೆರವಾದಂತೆ. ತೋರಿಸಿ. ಏಟು ಬಿದ್ದ ಮೇಲೆ ಅವಳ ಜೊತೆ ಇರಿ, ಅಷ್ಟೇ ನಮ್ಮ ಬೇಡಿಕೆ.

ಇನ್ನು ನಮ್ಮ ಕೆಲಸ. ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ನೋಡಿದ್ದೀರಾ? ವೈದೇಹಿಯವರ ಕಥೆಯನ್ನು ಆಧರಿಸಿದ ಚಿತ್ರ. ಕುಂದಾಪುರದ ಕಡೆಯ ಮೀನುಗಾರರ ನಡುವೆ ಬದುಕುವ ಸೂಲಗಿತ್ತಿ ಗುಲಾಬಿಯ ಗುಡಿಸಲಿಗೆ ಒಂದು ಬಣ್ಣದ ಟಿವಿ ಬರುತ್ತದೆ. ಅದನ್ನು ನೋಡಲು ಸುತ್ತಮುತ್ತಲ ಹೆಂಗಸರು ಸೇರುತ್ತಾರೆ, ಸೇರಿದವರು ತಮ್ಮ ಮನೆಯ ಮಾತನ್ನೂ ಆಡಿಕೊಳ್ಳುತ್ತಾರೆ. ಕಾರ್ಗಿಲ್ ಯುದ್ಧದ ಹೊತ್ತಿಗೆ ಊರು ಜಾತಿ ಧರ್ಮದಲ್ಲಿ ಒಡೆದು ಗುಲಾಬಿಯನ್ನು ಓಡಿಸುತ್ತದೆ. ಟಿವಿ ಹೆಂಗಸರನ್ನು ಒಂದು ಚಾಪೆಯ ಮೇಲೆ ಕೂರಿಸಬಲ್ಲದು ಎಂಬುದನ್ನೂ ಆ ಚಾಪೆಯನ್ನು ಯಾರು ಎಳೆದುಬಿಡುತ್ತಾರೆ ಎಂಬುದನ್ನೂ ಆ ಚಿತ್ರ ಬಲ್ಲದು.

ಆ ಚಾಪೆಯನ್ನು ಮತ್ತೆ ಹಾಸೋಣ. ನಿಮ್ಮ ಸಂಘದಲ್ಲಿ, ಹಾಸ್ಟೆಲಿನಲ್ಲಿ, ಗಾರ್ಮೆಂಟ್ಸ್ ಕಾರ್ಮಿಕರ ಕೋಣೆಯಲ್ಲಿ ನಾಲ್ಕು ಜನ ಸೇರಿ ಒಂದು ವಾರ ಒಂದೇ ಧಾರಾವಾಹಿ ನೋಡಿ. ಪ್ರತಿ ಏಟಿಗೂ, ಪ್ರತಿ ನಿಂದನೆಗೂ ಮೂರು ಪ್ರಶ್ನೆ ಹಾಕಿ. ಏಟು ಬೀಳುವಾಗ ಕ್ಯಾಮೆರಾ ಯಾರ ಮುಖದ ಮೇಲಿತ್ತು? ಮುಂದಿನ ಶಾಟ್‌ನಲ್ಲಿ ಮಾತಾಡಿದವರು ಯಾರು? ಕೊನೆಗೆ ಕ್ಷಮೆ ಕೇಳಿದವರು ಯಾರು? ತಾರೀಖು, ಹೊತ್ತು, ವಾಹಿನಿಯ ಹೆಸರು ಹಾಕಿ ಬರೆದಿಟ್ಟುಕೊಳ್ಳಿ. ಅದನ್ನು ವಾಹಿನಿಗೆ ಕಳಿಸಿ. ಮನರಂಜನಾ ವಾಹಿನಿಗಳ ಮೇಲಿನ ದೂರು ಕೇಳಲೆಂದು ವಾಹಿನಿಗಳವರೇ 2011ರಲ್ಲಿ ಮಾಡಿಕೊಂಡ ಪರಿಷತ್ತೊಂದಿದೆ, ಅಲ್ಲಿಗೂ ಕಳಿಸಿ. ಒಂದು ಪತ್ರ ಬುಟ್ಟಿಗೆ ಹೋದೀತು. ನೂರು ಊರುಗಳಿಂದ ಒಂದೇ ಸಂಚಿಕೆಯ ಮೇಲೆ ನೂರು ಪತ್ರ ಬಂದರೆ ಜಾಹೀರಾತುದಾರನ ಕಿವಿಗೆ ಬೀಳುತ್ತದೆ. ಅವರಿಗೆ ಕೇಳಿಸುವ ಕಿವಿ ಅದೊಂದೇ.

ಈ ಮೂರು ಪ್ರಶ್ನೆಗಳನ್ನು ಹಾಕಿ ನೋಡಿದವರ ಬಾಯಲ್ಲಿ ಸ್ವಲ್ಪ ದಿನಕ್ಕೆ ನಾಲ್ಕನೆಯದು ಬಂದೇ ಬರುತ್ತದೆ: ನಮ್ಮ ಮನೆಯಲ್ಲಿ ಹೀಗಾದಾಗ ಯಾರು ಮಾತಾಡಿದರು, ಯಾರು ಸುಮ್ಮನಿದ್ದರು? "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂಬ ಗಾದೆಯನ್ನು ಹೇಳಿ ಬಾಗಿಲು ಹಾಕಿಕೊಂಡ ನೆರೆಮನೆಯವರಲ್ಲಿ ನಾವೂ ಇದ್ದೆವೇ? ಅಲ್ಲಿಗೆ ಸಿನಿಮಾ ಪಾಠ ಮುಗಿಯುತ್ತದೆ, ಸಂಘದ ಕೆಲಸ ಶುರುವಾಗುತ್ತದೆ. ನಿಮ್ಮ ಪಟ್ಟಿಗಳನ್ನು ಈ ಪತ್ರಿಕೆಗೂ ಬರೆದು ಕಳಿಸಿ. ಅಂಚೆ ಕಾರ್ಡಾದರೂ ಸಾಕು.